ಹನ್ನೆರಡು ಪಾಯಿಂಟ್ ಆರು

ಬೆಳಗಿನ ಐದೂವರೆ. ಸುಬ್ರಹ್ಮಣ್ಯನಗರದ ಗಲ್ಲಿಯಲ್ಲಿ
ಹಾಲಿನ ಕ್ರೇಟು ಇಳಿಸುವ ಸದ್ದು, ಆಮೇಲೆ ನಾನು.
ಬಟನ್ ಒತ್ತಿದೆ. ಟಕ್ ಅಂದಿತು.
ಮತ್ತೆ ಟಕ್.
ಹಾರ್ನು ನೆಗಡಿಯಾದ ಕುರಿಯಂತೆ ಒಮ್ಮೆ ಒದರಿ ಸುಮ್ಮನಾಯಿತು.
ಕಿಕ್ ಹೊಡೆದೆ, ಹದಿನೇಳು.
ಎಣಿಸುವುದು ನನ್ನ ಕಸುಬಿನ ಚಟ.

ಬೆನ್ನಿಗೆ ಐಸ್ ಬಾಕ್ಸು, ಒಳಗೆ ಖಾಲಿ ನಳಿಕೆಗಳು,
ಕೆಂಪು ಮುಚ್ಚಳ, ನೇರಳೆ, ಬೂದು.
ಮಲ್ಲೇಶ್ವರದಿಂದ ಯಶವಂತಪುರದ ತನಕ
ಆರು ಮನೆ, ಆರು ಖಾಲಿ ಹೊಟ್ಟೆ,
ಡಿಕಾಕ್ಷನ್ನು ಇಳಿದರೂ ಕುಡಿಯದೆ
ನನ್ನ ಗಾಡಿಯ ಸದ್ದಿಗೆ ಕಿವಿಕೊಟ್ಟು ಕೂತವರು.
ಒಂದು ಬ್ಯಾಟರಿ ಸತ್ತರೆ
ಇಷ್ಟು ಜನರ ಕಾಫಿ ನಿಲ್ಲುತ್ತದೆಂದು ಅವತ್ತೇ ತಿಳಿದದ್ದು.

ಆಟೋದಲ್ಲಿ ಸುತ್ತಿದೆ. ವೇದವಲ್ಲಿಯಮ್ಮ ಕೊನೆಗೆ,
ಮುಖ ಊದಿಸಿಕೊಂಡು.
'ಬ್ಯಾಟರಿ ಹೋಯ್ತಮ್ಮ' ಎಂದೆ, ರಬ್ಬರು ಪಟ್ಟಿ ಬಿಗಿಯುತ್ತ.
'ಯಾರದು?'
ಬಿಡುವಿದ್ದ ಕೈ ತಾನಾಗಿ ಎಡ ಹೆಗಲ ಕೆಳಗೆ ಹೋಯಿತು,
ಅಲ್ಲಿ ಚರ್ಮದಡಿ ಬೆಂಕಿಪೊಟ್ಟಣದಷ್ಟು ಉಬ್ಬು.
ಬೈಕಿನದು ಎಂದ ಮೇಲೆ ನಕ್ಕರು, ರಕ್ತ ಸಲೀಸಾಗಿ ಬಂತು.
'ನಂದು ಇನ್ನೂ ಮೂರು ವರ್ಷ ಬರುತ್ತಂತೆ ಕಣೆ.
ಕಾರ್ಡಿದೆ. ತೋರಿಸ್ಲಾ?'

ಮಧ್ಯಾಹ್ನ ಲ್ಯಾಬಿನ ಹುಡುಗ ದಬ್ಬಿದ,
ಎರಡನೇ ಗೇರಲ್ಲಿ ಎಬ್ಬಿಸಿ, ಒಂದು ಸಿಗ್ನಲ್ಲಿನಲ್ಲೂ ಆಫ್ ಮಾಡದೆ
ಜೆ.ಸಿ. ರೋಡು ಮುಟ್ಟಿದೆ.
ಮೊದಲ ಅಂಗಡಿಯವನು ನನ್ನನ್ನು ಬಿಟ್ಟು
ಪಕ್ಕದಲ್ಲಿ ಟೀ ಕುಡಿಯುತ್ತಿದ್ದವನನ್ನು ಕೇಳಿದ, 'ಯಾವ ಗಾಡಿ ಸಾರ್?'
ಎರಡನೆಯವನು, 'ದೊಡ್ಡದೇ ಹಾಕ್ಸಿ ಮೇಡಂ, ಪಂಚ್ ಇರುತ್ತೆ.'
ಮೂರನೆಯದು ಚೌರಪ್ಪನವರದು.

ಅವರು ಏನನ್ನೂ ಮಾರಲಿಲ್ಲ, ಮೊದಲು ಮೀಟರು ಹಚ್ಚಿದರು.
'ಕೊಡ ಸೋರ್ತಿದೆಯೋ, ನಲ್ಲಿ ಬತ್ತಿದೆಯೋ ನೋಡ್ಬೇಕಲ್ವಾ.'
ನಲ್ಲಿ ಸರಿಯಿತ್ತು: ಎಂಜಿನ್ ಓಡುವಾಗ ಹದಿನಾಲ್ಕು ವೋಲ್ಟು.
ಸೀಟು ಬಿಚ್ಚಿ ಹಳೆಯದನ್ನು ಎತ್ತಿದರು,
ತಾಮ್ರದ ಚೊಂಬಿನಲ್ಲಿ ಹುಳಿ ಮರೆತಂತೆ
ಟರ್ಮಿನಲ್ಲಿಗೆಲ್ಲ ಹಸಿರು ಕಿಲುಬು.
'ಎಷ್ಟು ಸಲ ನೀರು ಹಾಕಿದ್ದೆ?'
'ವರ್ಷಕ್ಕೆ ಎರಡು' ಎಂದೆ.
ಮುಚ್ಚಳ ತಿರುಗಿಸಿ ಟಾರ್ಚು ಬಿಟ್ಟರು. ಒಣ ಕೆರೆಯ ತಳ.
ಸಿಹಿ ಮುಟ್ಟಿಲ್ಲ ಎನ್ನುವವರ ಮುಖ ನನಗೆ ಗೊತ್ತು,
ನನ್ನದೂ ಹಾಗೇ ಇದ್ದಿರಬೇಕು.

ಗೂಡನ್ನು ಸ್ಕೇಲಿನಲ್ಲಿ ಅಳೆದರು. ಪ್ಲಸ್ಸು ಯಾವ ಕಡೆ,
ವಯರು ಎಳೆದಾಡದೆ ಮುಟ್ಟುತ್ತದೋ.
ಅದೇ ಐದು ಆಂಪಿಯರ್, ಹೆಚ್ಚು ಬೇಡ.
ಎರಡು ಡಬ್ಬಿ ಇಳಿಸಿ, ಬೆನ್ನಿನ ಅಂಕಿಗಳ ಮೇಲೆ ಬೆರಳಿಟ್ಟು
'ಇದು ಹುಟ್ಟಿ ಹದಿನಾಲ್ಕು ತಿಂಗಳು,
ಶೆಲ್ಫಲ್ಲಿ ಕೂತೇ ಮುದಿಯಾಯ್ತು.
ಇದು ಎರಡು ತಿಂಗಳ ಕೂಸು.'
ಹೆಸರು, ಹುಟ್ಟಿದ ದಿನಾಂಕ ಕೇಳದೆ
ಒಬ್ಬರಿಗೂ ಸೂಜಿ ಚುಚ್ಚದ ನನಗೆ
ಇಲ್ಲಿ ಕೇಳಬೇಕೆಂದು ಹೊಳೆದಿರಲಿಲ್ಲ.

ನೀರು ಕೇಳದ ಜಾತಿಯದೂ ಇತ್ತು, ನಾನೂರು ಹೆಚ್ಚು.
ಕೇಳುವುದನ್ನೇ ಕೊಡಿ ಎಂದೆ.
ಆರು ಬಾಯಿಗೂ ಆಸಿಡ್ಡು ಹನಿಸುವುದನ್ನು ನೋಡಿದೆ,
ನನ್ನ ಕೆಲಸ ಹಿಂದುಮುಂದಾದಂತೆ.
'ಇವತ್ತು ಕೊಡಲ್ಲ. ರಾತ್ರಿಯೆಲ್ಲ ನಿಧಾನಕ್ಕೆ ಕುಡೀಲಿ.
ಮೊದಲ ದಿನ ಅವಸರ ಮಾಡಿದ್ರೆ
ಬದುಕಿರೋ ತನಕ ಅರೆಹೊಟ್ಟೆ.'
ಹಳೆಯದನ್ನು ತೂಗಿ ಮುನ್ನೂರು ಇಳಿಸಿದರು.

ಹಾಕುವಾಗ ಕೆಂಪು ಮೊದಲು, ತೆಗೆಯುವಾಗ ಕಪ್ಪು ಮೊದಲು.
ತುದಿಗೆ ವ್ಯಾಸಲೀನು.
ಡಿಸ್ಟಿಲ್ಡ್ ನೀರೇ ಆಗಬೇಕು, ಬೋರ್ ಬೇಡ, ಕಾವೇರಿಯೂ ಬೇಡ,
ಮೇಲಿನ ಗೆರೆ ದಾಟಬಾರದು.
ರಜೆಗೆ ಹೋದರೂ ಹತ್ತು ದಿನಕ್ಕೊಮ್ಮೆ ಯಾರಾದರೂ ಓಡಿಸಬೇಕು.
ಇಷ್ಟನ್ನೂ ಅಂಗಡಿಯ ಬಿಲ್ಲಿನ ಹಿಂದೆ ಬರೆದುಕೊಂಡೆ.
ಬಿಲ್ಲು ಕಳೆದುಹೋಯಿತು, ಮಾತು ಉಳಿದಿದೆ.

ಈಗ ತಿಂಗಳ ಮೊದಲ ಭಾನುವಾರ, ಗಾಡಿ ತಣ್ಣಗಿರುವಾಗ
ಮೀಟರು ಹಿಡಿಯುತ್ತೇನೆ,
ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ ದಿನಾಂಕ, ಅಂಕಿ.
ಸೋಮವಾರ ವೇದವಲ್ಲಿಯಮ್ಮನಿಗೆ ಅವರ ಸಕ್ಕರೆ ಹೇಳುತ್ತೇನೆ,
ನೂರ ಮೂವತ್ತೆಂಟು.
'ನಿಂದೆಷ್ಟು?'
'ಹನ್ನೆರಡು ಪಾಯಿಂಟ್ ಐದು.'
'ಹೋದ ತಿಂಗಳು ಆರಿತ್ತಲ್ಲೇ' ಎನ್ನುತ್ತಾರೆ,
ಲೋಟ ಎತ್ತುತ್ತ.